ಕಿರುಬೆರಳಿನ ಗೀರು

ಥಿನ್ನರ್ ವಾಸನೆ ಮೂಗಿಗೆ ಬಡಿದರೆ ಅವಳಿಗೆ ಇವತ್ತಿಗೂ ಏಳೇ ವರ್ಷ.

ಸಂಜೆ ಮನೆಗೆ ಬಂದ ಅಪ್ಪ ಎತ್ತಿಕೊಂಡಾಗ ಅವರ ಅಂಗಿಯಿಂದ ಬರುತ್ತಿದ್ದ ವಾಸನೆ ಅದು... ಕಳಿತ ಬಾಳೆಹಣ್ಣಿನಂಥ ಸಿಹಿ, ಅದರೊಳಗೆ ಚುರುಕ್ಕೆನ್ನುವ ಘಾಟು. ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ವಾಸನೆ ಮಾತ್ರ ಅವರ ಸ್ಪ್ರೇ ಕೋಣೆ ಬಿಟ್ಟು ಹೋಗಿರಲಿಲ್ಲ.

ಆ ದಿನ ಅವಳು ಅಡುಗೆಮನೆ ಕಪಾಟಿನ ಹನ್ನೆರಡು ಬಾಗಿಲುಗಳಲ್ಲಿ ಮೊದಲೆರಡಕ್ಕೆ ಹೊಳಪಿನ ಲ್ಯಾಕರ್ ಹೊಡೆಯುತ್ತಿದ್ದಳು. ಭಾರೀ ಒತ್ತಡದಲ್ಲಿ ಲ್ಯಾಕರ್ ಚಿಮ್ಮಿಸುವ ಏರ್‌ಲೆಸ್ ಮಷೀನಿನ ಗನ್ ನಡುವೆಯೇ ಕಟ್ಟಿಕೊಂಡಿತು. ಮೂತಿಯಲ್ಲಿ ಕೂತ ಹನಿ ಒರೆಸಲು ಬೆರಳು ಚಾಚಿದಳು.

"ಕೈ ತೆಗೀರಿ!"

ಯಾರೋ ಮಣಿಕಟ್ಟು ಹಿಡಿದು ಹಿಂದಕ್ಕೆಳೆದರು. ಪಕ್ಕದ ಶೆಡ್ಡಿನ ಬಡಗಿ! ಈ ಬಾಗಿಲುಗಳನ್ನು ಮಾಡಿಕೊಟ್ಟವನೇ.

"ಏನ್ರೀ ಇದು! ಬಿಡಿ ಕೈ!"

"ಪ್ರೆಶರ್ ಇಳಿಸದೆ ಬೆರಳಿಡ್ತೀರಾ? ಲ್ಯಾಕರ್ ಚರ್ಮ ತೂರಿ ಒಳಗೆ ಹೋಗುತ್ತೆ. ನೋಡೋಕೆ ಸೊಳ್ಳೆ ಕಚ್ಚಿದ ಹಾಗೆ... ಆಮೇಲೆ ಬೆರಳೇ ಇರಲ್ಲ!"

"ನಮ್ಮಪ್ಪನ ಕೋಣೆಗೆ ಬಂದು ನನಗೇ ಪಾಠಾನಾ?"

ಅವನು ಮೊಳೆಯಲ್ಲಿ ತೂಗುತ್ತಿದ್ದ ಅಪ್ಪನ ಏಪ್ರನ್ ಕಡೆ ಒಮ್ಮೆ ನೋಡಿದ. ಮಷೀನಿನ ಒತ್ತಡ ಇಳಿಸಿ ಹೊರಟುಹೋದ.

ಎಂಥ ಗರ್ವ! ಅಂದುಕೊಂಡಳು. ಮಣಿಕಟ್ಟು ಮಾತ್ರ ಸಂಜೆಯವರೆಗೂ ಬೆಚ್ಚಗಿತ್ತು...

ಹಿಂದಿನ ಸಲ ಅವಳು ಹೊಡೆದ ಬಾಗಿಲುಗಳೆಲ್ಲ ವಾಪಸ್ ಬಂದಿದ್ದವು. ಅಣ್ಣ ಖಡಾಖಂಡಿತವಾಗಿ ಹೇಳಿದ್ದ: "ಈ ಹನ್ನೆರಡೂ ವಾಪಸ್ ಬಂದ್ರೆ ಕೋಣೆಗೆ ಬೀಗ. ಮಷೀನ್ ಮಾರಿಬಿಡ್ತೀನಿ. ಅಪ್ಪನ ಕೈ ನಿನಗೆ ಬರಲ್ಲ ಕಣೆ."

ಈ ಕೋಣೆಯೂ ಹೋದರೆ ಅಪ್ಪ ಇನ್ನೆಲ್ಲಿರುತ್ತಾರೆ? ಆ ಹೆದರಿಕೆಗೇ ಕೈ ತಡೆಯುತ್ತಿತ್ತು. ಕೈ ನಿಂತಲ್ಲೆಲ್ಲ ಲ್ಯಾಕರ್ ಕಣ್ಣೀರಿನಂತೆ ಕೆಳಗಿಳಿಯುತ್ತಿತ್ತು.

ಮರುದಿನ ಬೀಗ ತೆಗೆದವಳು ಹೊಸ್ತಿಲಲ್ಲೇ ನಿಂತಳು.

ನಿನ್ನೆ ಇಳಿದಿದ್ದ ಧಾರೆಗಳಿಲ್ಲ! ಎರಡೂ ಬಾಗಿಲು ನಿಂತ ನೀರಿನಷ್ಟು ನುಣ್ಣಗಿದ್ದವು. ಮುಚ್ಚಿದ ಕೋಣೆಯ ತುಂಬ ಹಸಿ ಲ್ಯಾಕರಿನ ವಾಸನೆ...

ಒಂದು ಬಾಗಿಲಿನ ಹಿಂಬದಿ ತಿರುಗಿಸಿದಳು. ಕೀಲು ಕೂರಿಸುವ ದುಂಡು ಗುಳಿಯೊಳಗೆ ಅರ್ಧಚಂದ್ರದಂಥ ಒಂದು ಗೀರು.

ಮೈ ಜುಮ್ಮೆಂದಿತು. ಗುಳಿಯಲ್ಲಿ ಮಡುಗಟ್ಟಿದ ಲ್ಯಾಕರನ್ನು ಕಿರುಬೆರಳಿನಿಂದ ಬಳಿದು ತೆಗೆಯುತ್ತಿದ್ದವರು ಅಪ್ಪ ಒಬ್ಬರೇ!

"ಅಪ್ಪಾ... ನೀನಾ?"

ಮಧ್ಯಾಹ್ನ, ಕೋಣೆಯ ಹೊರಗೆ ಸ್ಟೂಲಿನ ಮೇಲೆ ಊಟಕ್ಕೆ ಕೂತಿದ್ದಾಗ, ಯಾರೂ ಇಲ್ಲದ ಒಳಗಿನಿಂದ ಮಷೀನಿನ ಪಂಪು ಒಮ್ಮೆ ಬಡಿಯಿತು.

ಟಕ್.

ಅವಳು ಹಳೆಯ ಅಭ್ಯಾಸದಂತೆ ಇನ್ನೂ ಎರಡು ಊಟದ ಡಬ್ಬಿ ತರುತ್ತಿದ್ದಳು. ಅಪ್ಪನ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಮರಳುತ್ತಿತ್ತು.

"ಪಕ್ಕದ ಬಡಗಿ ಮಹಾ ಸಿಡುಕ ಕಣಪ್ಪಾ," ಅಂದಳು ಡಬ್ಬಿಯನ್ನೇ ನೋಡುತ್ತ. "ಆದ್ರೆ... ಕಣ್ಣು ಒಳ್ಳೇದು."

ಟಕ್.

ಐದು ದಿನ ಹೀಗೇ ನಡೆಯಿತು. ದಿನಕ್ಕೆರಡು ಬಾಗಿಲು, ಬೆಳಗಾದರೆ ನಿಂತ ನೀರಿನ ಹೊಳಪು, ಗುಳಿಯಲ್ಲಿ ಅದೇ ಗೀರು. ಆರನೆಯ ದಿನ ಕೊನೆಯ ಎರಡನ್ನು ಹೊಡೆದಿಟ್ಟು ಹೋದವಳು ಮರುದಿನ ಬೆಳಕು ಹರಿಯುವ ಮೊದಲೇ ಬಂದಳು. ಒಂದೇ ಒಂದು ಸಲ ಅಪ್ಪನನ್ನು ಕಣ್ಣಾರೆ ನೋಡಬೇಕಿತ್ತು.

ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಬೆಳ್ಳನೆಯ ಮಂಜು. ಆ ಮಂಜಿನಲ್ಲಿ ಅಪ್ಪನ ಏಪ್ರನ್, ಅಪ್ಪನ ಮುಖವಾಡ, ಅದೇ ಬಾಗಿದ ಭುಜ... ಗನ್ ಬಾಗಿಲಿನ ಅಂಚಿಗೂ ಆಚೆಯಿಂದ ಹೊರಟು, ಎಲ್ಲೂ ನಿಲ್ಲದೆ ಈಚೆ ಅಂಚು ದಾಟುತ್ತಿತ್ತು. ಸ್ಸ್ಸ್...

"ಅಪ್ಪಾ!"

ಆಕೃತಿ ನಿಂತಿತು. ನಿಧಾನವಾಗಿ ತಿರುಗಿತು. ಮುಖವಾಡದ ಗಾಜಿನ ಹಿಂದೆ ಕಣ್ಣುಗಳು... ಆ ಕಣ್ಣುಗಳು!

ಬಡಗಿ ಮುಖವಾಡ ತೆಗೆದ.

ಅವಳಿಗೆ ಅಪ್ಪ ಇನ್ನೊಮ್ಮೆ ಸತ್ತಂತಾಯಿತು.

"ಯಾಕ್ರೀ ಈ ನಾಟಕ? ಬೀಗ ಹೇಗೆ ತೆಗೆದ್ರಿ?"

"ಯಜಮಾನ್ರೇ ಕೀ ಕೊಟ್ಟಿದ್ರು. ಕೊನೇ ವರ್ಷ ಅವರ ಕೈ ನಡುಗ್ತಿತ್ತು. ನಿಮಗೆ ತಿಳೀಬಾರದು ಅಂತ ಬೆಳಗಿನ ಜಾವ ನನ್ನ ಕರೆಸಿ ಕಲಿಸಿದ್ರು. 'ಮಗಳ ಕೈಗೆ ಧೈರ್ಯ ಬರೋತನಕ ನೋಡ್ಕೋ. ಅವಳಿಗೆ ಹೇಳ್ಬೇಡ, ಮೂಗಿನ ತುದೀಲೇ ಕೋಪ' ಅಂದ್ರು."

ಥೇಟ್ ಅಪ್ಪನ ಮಾತು! ಅಳುವಿನ ನಡುವೆಯೇ ನಗು ಬಂತು.

"ಮತ್ತೆ ಮಧ್ಯಾಹ್ನ ಆ ಪಂಪು?"

"ನೀವು ಪ್ರೆಶರ್ ಇಳಿಸದೆ ಊಟಕ್ಕೇಳ್ತೀರಿ. ಎಲ್ಲೋ ಒಂದು ತೊಟ್ಟು ಸೋರುತ್ತೆ, ಅದನ್ನ ತುಂಬೋಕೆ ಪಂಪು ಬಡಿಯುತ್ತೆ." ಅವನು ತನ್ನ ಶೆಡ್ಡಿನ ಕಡೆಯ ಗೋಡೆಗೆ ಬೆರಳು ಮಾಡಿದ. "ಗೋಡೆ ತೆಳು. ನನಗೂ ಕೇಳಿಸ್ತಿತ್ತು."

"ಎಲ್ಲಾನೂ?"

"ಸಿಡುಕ ಅಂದಿದ್ದು ಕೇಳಿಸ್ತು..." ಅವನ ಕಿವಿ ಕೆಂಪಾಯಿತು. "ಕಣ್ಣಿನ ವಿಷಯಾನೂ."

ಅವಳು ಮುಖ ತಿರುಗಿಸಿದಳು. ಸಾಲಾಗಿ ನಿಂತ ಬಾಗಿಲುಗಳ ಮೇಲೆ ಕಣ್ಣು ಬಿತ್ತು.

"ಹಾಗಾದ್ರೆ ಹನ್ನೆರಡೂ ನಿಮ್ಮ ಕೈದೇ. ಅಣ್ಣ ಹೇಳಿದ್ದೇ ನಿಜ."

"ಹನ್ನೊಂದು." ಅವನು ಗೋಡೆಗೊರಗಿದ್ದ ಕೊನೆಯ ಬಾಗಿಲನ್ನು ಬೆಳಕಿಗೆ ತಿರುಗಿಸಿದ. "ಇದನ್ನ ನಾನು ಮುಟ್ಟಿಲ್ಲ. ಮುಟ್ಟೋ ಅಗತ್ಯಾನೇ ಇರಲಿಲ್ಲ."

ನಿಂತ ನೀರು! ಒಂದು ಧಾರೆಯೂ ಇಲ್ಲ. ಅವಳು ಹಿಂಬದಿ ನೋಡಿದಳು. ಗುಳಿಯಲ್ಲಿ ಅರ್ಧಚಂದ್ರ.

"ಈ ಗೀರು?"

"ನಾನಲ್ಲ," ಅಂದ ಅವನು ಪಿಸುದನಿಯಲ್ಲಿ.

ಅವಳು ಬಲಗೈಯನ್ನು ಬಲ್ಬಿನ ಹತ್ತಿರ ಹಿಡಿದಳು. ಕಿರುಬೆರಳಿನ ತುದಿಯಲ್ಲಿ ಒಣಗಿದ ಲ್ಯಾಕರಿನ ತೆಳುಪೊರೆ! ಯಾವಾಗ ಬಳಿದಳೋ, ಅವಳಿಗೇ ನೆನಪಿಲ್ಲ. ನಿನ್ನೆ ಆ ಬಾಗಿಲು ಹೊಡೆಯುವಾಗ ಅಣ್ಣನ ಮಾತೂ ನೆನಪಾಗಿರಲಿಲ್ಲ.

ಅಪ್ಪ ಬಂದಿದ್ದರು... ಅವಳ ಕೈಯಲ್ಲೇ.

ಬಡಗಿ ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟ. "ಇನ್ನು ನಾನು ಬರೋ ಅಗತ್ಯ ಇಲ್ಲ. ಆದ್ರೆ... ಯಜಮಾನ್ರ ಮಾತಿಗಷ್ಟೇ ಬರ್ತಿದ್ದೆ ಅಂದ್ರೆ ಸುಳ್ಳಾಗುತ್ತೆ."

ಅವಳು ಮೊದಲು ಮಷೀನಿನ ಬಳಿ ಹೋಗಿ ಒತ್ತಡ ಇಳಿಸಿದಳು. ಅವನು ತುಟಿಯಂಚಿನಲ್ಲಿ ನಕ್ಕ. ಆಮೇಲೆ ಕೀಯನ್ನು ಅವನ ಕಡೆಗೇ ಸರಿಸಿ, ಚೀಲಕ್ಕೆ ಕೈಹಾಕಿದಳು.

"ಅದು ಯಜಮಾನ್ರ ಡಬ್ಬಿ ಅಲ್ವಾ?"

"ಹ್ಞೂಂ. ಇನ್ನೂ ಬಿಸಿ ಇದೆ."

ಅವನು ಏಪ್ರನ್ನಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದ. ಅವಳು ಡಬ್ಬಿಯನ್ನು ಮೆಲ್ಲಗೆ ಅವುಗಳಲ್ಲಿಟ್ಟಳು.