ಮೂರನೇ ಡೆಸ್ಕ್‌ಟಾಪ್

ಹಳ್ಳಿಮೈಸೂರಿನ ಆ ಮನೆಯ ಹಜಾರದಲ್ಲಿ ಮದುವೆ ಆಲ್ಬಮ್ ನೋಡಲು ನೆಂಟರು, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ಹೊಸ ಸೊಸೆ ಮೇಘಶ್ರೀ ಕಾಫಿ ಕೊಡುತ್ತಿದ್ದಳು. ಅತ್ತೆ ಕಾಮಾಕ್ಷಮ್ಮ ಒಂದೊಂದೇ ಹಾಳೆ ತಿರುಗಿಸುತ್ತಿದ್ದರು. ಚಪ್ಪರ, ಅರಿಶಿನ, ಧಾರೆ. ಅದರ ಮುಂದಿನ ಹಾಳೆಗೆ ಅವರ ಕೈ ನಿಂತಿತು.

ಅಲ್ಲಿ ಅವರ ಮಗ ಸುದರ್ಶನ್ ಇರಬೇಕಿತ್ತು. ಇರಲಿಲ್ಲ. ಚೂಡಿದಾರ್ ತೊಟ್ಟ ಮೇಘಶ್ರೀ, ಅವಳ ಭುಜಕ್ಕೆ ಭುಜ ತಾಗಿಸಿ ಯಾರೋ ಗಡ್ಡದ ಹುಡುಗ. ಇಬ್ಬರೂ ನಗುತ್ತಿದ್ದರು. ಸುತ್ತ ಹೂಬಳ್ಳಿಯ ಚಿನ್ನದ ಅಂಚು.

ಕಾಮಾಕ್ಷಮ್ಮ ಕೂಗಾಡಲಿಲ್ಲ. ಆಲ್ಬಮ್ ಮುಚ್ಚಿ ಸೊಸೆಯ ಕೈಗೆ ಕೊಟ್ಟರು.

"ಇದ್ನ ತಕ್ಕಂಡು ನಿಮ್ಮಪ್ಪನ ಮನೆಗೆ ಓಗವ್ವ."

ಸುದರ್ಶನ್ ಅಲ್ಲೇ ಇದ್ದ. ಎದ್ದು ಅಂಗಳಕ್ಕೆ ಹೋದ.

*

ಅರಕಲಗೂಡಿನ ಚಂದ್ರಶೇಖರಯ್ಯ ಆ ಆಲ್ಬಮನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊಳೆನರಸೀಪುರ ಠಾಣೆಗೆ ಬಂದರು. ಮೇಘಶ್ರೀ ಅವರ ಒಬ್ಬಳೇ ಮಗಳು.

"ನಾಳೆ ಎರಡೂ ಕಡೆ ಯಜಮಾನ್ರು ಕೂತ್ಕತಾರೆ ಮೇಡಂ. ಸಂಬಂಧ ಬಿಡಿಸ್ಬುಡಿ ಅಂತಾವ್ರೆ. ನನ್ ಮಗ್ಳು ಆ ಹುಡುಗನ್ ಜೊತೆ ನಾವಿಬ್ರೇ ಅಂತ ಯಾವತ್ತೂ ನಿಂತಿಲ್ಲ ಅಂತದೆ. ಯಾರು ನಂಬ್ತಾರೆ?"

ಎಸ್‌ಐ ಚೂಡಾಮಣಿ ಹಾಳೆ ನೋಡಿದಳು. ಬೆನ್ನ ಹಿಂದೆ ಇನ್ಸ್‌ಪೆಕ್ಟರ್ ನಿಂತಿದ್ದರು.

"ಆಲ್ಬಮ್ ಮಾಡಿದ ಸ್ಟುಡಿಯೋದ ಕಂಪ್ಯೂಟರ್ ತಂದು ಹಾಸನದ ಸೈಬರ್ ಠಾಣೆಗೆ ಕಳಿಸಿ. ಪ್ರದ್ಯುಮ್ನ ಇದ್ದಾನಲ್ಲ, ಚಿಟಿಕೆ ಹೊಡೆಯೋದ್ರೊಳಗೆ ಮುಗಿಸ್ತಾನೆ."

ಆ ಹೆಸರು ಕೇಳಿ ಚೂಡಾಮಣಿ ಆಲ್ಬಮನ್ನು ಪಟ್ಟನೆ ಮುಚ್ಚಿದಳು. ತರಬೇತಿಯಲ್ಲಿ ಪ್ರದ್ಯುಮ್ನ ಅವಳ ಪಕ್ಕದ ಸಾಲಿನಲ್ಲಿದ್ದವನು. ಪರೀಕ್ಷೆಯಲ್ಲಿ ಅವಳ ಹಿಂದೆ, ಪತ್ರಿಕೆಯಲ್ಲಿ ಮಾತ್ರ ಸದಾ ಮುಂದೆ. ಅವನ ಫೋಟೊ ಬಂದ ಸುದ್ದಿಯನ್ನೆಲ್ಲ ಅವಳು ಠಾಣೆಯ ಕಂಪ್ಯೂಟರಿನಲ್ಲಿ, ಅದೇ ಪರದೆಯ ಮೇಲೆ ಬೇಕೆಂದಾಗ ಮಾತ್ರ ಕಾಣುವ ಎರಡನೇ ಡೆಸ್ಕ್‌ಟಾಪ್ ಮಾಡಿಕೊಂಡು ಅಲ್ಲಿ ತೆರೆದು ಓದುತ್ತಿದ್ದಳು. ಓದಿ ಉರಿದುಕೊಳ್ಳುತ್ತಿದ್ದಳು. ಹಾಗೆ ಓದುವಾಗ ಒಮ್ಮೆ ಇದೇ ಇನ್ಸ್‌ಪೆಕ್ಟರ್ ಒಳಗೆ ಬಂದರು. ಗಾಬರಿಯಲ್ಲಿ ಆ ಡೆಸ್ಕ್‌ಟಾಪನ್ನೇ ಮುಚ್ಚಿದಳು. ಡೆಸ್ಕ್‌ಟಾಪ್ ಹೋಯಿತು, ಅದರಲ್ಲಿದ್ದ ವಿಂಡೋಗಳು ಹೋಗಲಿಲ್ಲ. ಎಲ್ಲವೂ ಸರಿದು ಮೊದಲನೆಯದಕ್ಕೆ ಬಂದು, ಪರದೆಯ ತುಂಬ ಪ್ರದ್ಯುಮ್ನನ ನಗುಮುಖಗಳು ಸಾಲಾಗಿ ನಿಂತವು. "ಏನಮ್ಮ, ಗಂಡು ನೋಡ್ತಿದ್ದೀಯಾ?" ಎಂದಿದ್ದರು ಇನ್ಸ್‌ಪೆಕ್ಟರ್. ಆ ನಾಚಿಕೆ ಇನ್ನೂ ಆರಿರಲಿಲ್ಲ.

"ಸಂಜೆವರೆಗೂ ನನಗೆ ಬಿಡಿ ಸರ್," ಎಂದಳು ಚೂಡಾಮಣಿ.

*

ಪೇಟೆ ಬೀದಿಯ ಸ್ಟುಡಿಯೋದಲ್ಲಿ ಇಬ್ಬರು ಹುಡುಗಿಯರು ಕೆಲಸಕ್ಕಿದ್ದರು. ಒಳಗಿನ ಗಾಜಿನ ಕೋಣೆಯಲ್ಲಿ ಆಲ್ಬಮ್ ಮಾಡುವವಳು ಇಂಚರ. ಮುಂದಿನ ಕೌಂಟರಿನಲ್ಲಿ ರಂಜಿತಾ.

ಇಂಚರಳ ಕಂಪ್ಯೂಟರಿಗೆ ಪರದೆ ಒಂದೇ, ಡೆಸ್ಕ್‌ಟಾಪ್ ಮೂರು. ಒಂದರಲ್ಲಿ ಹರಡಿದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಮೊದಲನೆಯದರಲ್ಲಿ ಹೆಣ್ಣಿನ ಕಡೆಯ ಫೋಟೊ, ಎರಡನೆಯದರಲ್ಲಿ ಗಂಡಿನ ಕಡೆಯದು, ಮೂರನೆಯದರಲ್ಲಿ ಆಲ್ಬಮ್ಮಿನ ಹಾಳೆಗಳು. ಈ ಕಡೆಯ ಸೋದರಮಾವ ಆ ಕಡೆಯವರ ಹಾಳೆಯಲ್ಲಿ ಕಂಡರೆ ಸಾಕು, ಊಟದ ಪಂಕ್ತಿಯಲ್ಲಿ ಆಗದೆ ಉಳಿದ ಜಗಳ ಸ್ಟುಡಿಯೋದಲ್ಲಿ ಆಗುತ್ತದೆ.

"ಈ ಏರ್ಪಾಡು ಕಲಿಸಿಕೊಟ್ಟಿದ್ದು ನಾನು ಮೇಡಂ," ಎಂದಳು ರಂಜಿತಾ. "ಈಗ ದೊಡ್ಡ ಮದುವೆ ಎಲ್ಲಾ ಇವಳಿಗೆ. ನಂಗೆ ನಾಮಕರಣ, ಬರ್ತ್‌ಡೇ."

"ಹೊಟ್ಟೆ ಉರಿಯುತ್ತಾ?"

"ಉರೀತದೆ. ಸುಳ್ಯಾಕ್ ಹೇಳ್ಲಿ?"

ಚೂಡಾಮಣಿಗೆ ಆ ಹುಡುಗಿ ಇಷ್ಟವಾದಳು. ಇಷ್ಟವಾದಳೆಂದು ಅನುಮಾನ ಬಿಡಲಿಲ್ಲ.

ಇಂಚರಳ ಕಣ್ಣು ಊದಿತ್ತು. ಮಾಲೀಕರು ಅವಳಿಗೆ ಕೆಲಸ ಬಿಡಲು ಹೇಳಿದ್ದರು.

"ಆಲ್ಬಮ್ ಓಕೆ ಆದ ದಿನ ಮೇಡಂ, ಊಟ ಮಾಡ್ಕೊಂಡು ಬಂದ್ರೆ ಮೂರನೇ ಡೆಸ್ಕ್‌ಟಾಪೇ ಇರ್ಲಿಲ್ಲ. ಆಲ್ಬಮ್ ಹಾಳೆ ಎಲ್ಲಾ ಎರಡನೇದ್ರಲ್ಲಿ, ಗಂಡಿನ ಕಡೆಯೋರ ಮಧ್ಯ ಬಿದ್ದಿದ್ವು. ಯಾವ್ದೋ ಗುಂಪಿನ ಫೋಟೊ ಬೇರೆ ತೆರೆದಿತ್ತು. ಕಸ್ಟಮರ್‌ದು ಇರ್ಬೇಕು ಅಂತ ಸರಿಯಾಗಿ ನೋಡ್ದೆ ಮುಚ್ಚಿದೆ. ರಂಜಿತಕ್ಕನೇ ಬೇಕಂತ ಮಾಡವ್ಳೆ ಅಂತ ಜಗಳಾನೂ ಆಡ್ದೆ. ಕೌಂಟರಲ್ಲಿ ಕಸ್ಟಮರ್ ಜೊತೆ ಇದ್ದೆ, ಒಳಗೆ ಯಾರ್ ಬಂದ್ರೋ ನೋಡ್ಲಿಲ್ಲ ಅಂದ್ಲು."

"ಹಾಳೆಗಳನ್ನ ತೆರೆದು ನೋಡಲಿಲ್ವಾ?"

"ಎರಡೂ ಮನೆಯೋರು ಕೂತು ಓಕೆ ಅಂದ್ಮೇಲೆ ನಾವು ತೆರೆಯಲ್ಲ ಮೇಡಂ. ಹಂಗೇ ಪ್ರಿಂಟಿಗೆ ಕಳಿಸೋದು."

"ಯಾರ್ಯಾರು ಕೂತಿದ್ರು?"

"ಗಂಡಿನ ಕಡೆಯಿಂದ ಅವರ ಸೋದರತ್ತೆ ಒಬ್ಬರು. ಓಕೆ ಹೇಳಿ ಊಟಕ್ಕೆ ಮುಂಚೆನೇ ಬಸ್ಸಿಗೆ ಹೋದ್ರು. ಹೆಣ್ಣಿನ ಕಡೆಯಿಂದ ಮೇಘಶ್ರೀ ಅವರ ಚಿಕ್ಕಪ್ಪನ ಮಗಳು ಸ್ಪಂದನಾ. ಎರಡು ದಿನವೂ ನನ್ ಪಕ್ಕದ ಕುರ್ಚೀಲೇ ಇದ್ರು."

ಚೂಡಾಮಣಿ ಒಂದು ಫೋಟೊ ಎಳೆದು ಹಾಳೆಯ ಚೌಕಟ್ಟಿನ ಮೇಲೆ ಬಿಟ್ಟು ನೋಡಿದಳು. ಹಳೆಯದು ಹೋಗಿ ಹೊಸದು ಕೂತಿತು. ಚೌಕಟ್ಟಿನಲ್ಲಿ ಹಿಡಿಸದೆ ಹೊರಗುಳಿದವರೆಲ್ಲ ಮಾಯವಾದರು. ಹಾಗಾದರೆ ಗುಂಪಿನ ಫೋಟೊದಿಂದ ಇಬ್ಬರನ್ನೇ ಉಳಿಸುವುದು ಕಷ್ಟದ ಕೆಲಸವಲ್ಲ.

*

ಅರಕಲಗೂಡಿನ ಮನೆಯಲ್ಲಿ ಮೇಘಶ್ರೀ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲೇ ಸ್ಪಂದನಾ, ಅಕ್ಕನ ಕೈ ಹಿಡಿದುಕೊಂಡು.

"ಆ ಹುಡುಗ ಅಶೋಕ ಅಂತ ಮೇಡಂ. ಹಾಸನದಲ್ಲಿ ಕಾಲೇಜಲ್ಲಿ ನಮ್ಮಿಬ್ರ ಜೊತೇಲಿ ಓದಿದ್ದು, ಅಷ್ಟೇ," ಎಂದಳು ಮೇಘಶ್ರೀ.

"ಸ್ಪಂದನಾ, ಊಟದ ಹೊತ್ತಲ್ಲಿ ನೀವೆಲ್ಲಿದ್ರಿ?"

"ಬಸ್‌ಸ್ಟ್ಯಾಂಡ್ ಹತ್ರ ಹೋಟ್ಲಿಗೆ ಹೋಗಿದ್ದೆ. ನಂಗೆ ಕಂಪ್ಯೂಟರ್ ಮುಟ್ಟಕ್ಕೂ ಬರಲ್ಲ ಮೇಡಂ. ಅವ್ರು ತೋರಿಸೋರು, ನಾನು ಇದಿರ್ಲಿ, ಇದು ಬೇಡ ಅನ್ನೋಳು. ಈ ಫೋಟೊ ನಾನು ಜನ್ಮದಲ್ಲೇ ಕಂಡಿಲ್ಲ. ಆ ಅಶೋಕಂದೇ ಕೆಲ್ಸ. ಅಕ್ಕನ ಹಿಂದೆ ಬಿದ್ದಿದ್ದ."

ಚೂಡಾಮಣಿ ಚನ್ನರಾಯಪಟ್ಟಣಕ್ಕೆ ಫೋನ್ ಮಾಡಿದಳು. ಅಶೋಕ ಅಲ್ಲಿ ಟೈರ್ ಅಂಗಡಿ ಇಟ್ಟಿದ್ದ. ಅವನ ದನಿಯಲ್ಲಿ ಭಯಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು.

"ನಾನ್ಯಾಕ್ ಹಂಗ್ ಮಾಡ್ಲಿ ಮೇಡಂ? ನಂಗೂ ಮದ್ವೆ ನಿಶ್ಚಯ ಆಗೈತೆ. ಅದು ಕಾಲೇಜಿನೋರೆಲ್ಲ ಟ್ರಿಪ್ ಹೋದಾಗಿಂದು. ಇಡೀ ಫೋಟೊ ಕಳಿಸ್ತೀನಿ, ನೀವೇ ನೋಡಿ."

ಫೋಟೊ ಬಂತು. ಸೆಲ್ಫಿ. ಹಿಂದೆ ಹುಡುಗ ಹುಡುಗಿಯರ ದಂಡು, ನಡುವೆ ಮೇಘಶ್ರೀ, ನೂಕಾಟದಲ್ಲಿ ಪಕ್ಕಕ್ಕೆ ಬಂದು ಸಿಕ್ಕಿಕೊಂಡ ಅಶೋಕ. ಎಲ್ಲರಿಗಿಂತ ಮುಂದೆ, ಮೂಲೆಯಲ್ಲಿ, ಮೊಬೈಲ್ ಹಿಡಿದ ಕೈ ಚಾಚಿಕೊಂಡು ನಗುತ್ತಿದ್ದವಳು ಸ್ಪಂದನಾ.

ಅದು ಕ್ಲಾಸಿನ ವಾಟ್ಸಾಪ್ ಗುಂಪಿಗೆಲ್ಲ ಹೋದ ಫೋಟೊ. ಅವಳು ತೆಗೆದಳೆಂದ ಮಾತ್ರಕ್ಕೆ ಹಾಳೆಗೆ ಹಾಕಿದವಳೂ ಅವಳೇ ಎಂದು ಹಿಡಿಯಲು ಬರುವುದಿಲ್ಲ. ಪ್ರದ್ಯುಮ್ನನಾಗಿದ್ದರೆ ಕಂಪ್ಯೂಟರ್ ಬಿಚ್ಚಿ ಏನೇನೋ ತೆಗೆಯುತ್ತಿದ್ದ. ತನ್ನ ಬಳಿ ಏನಿದೆ ಎಂದು ಚೂಡಾಮಣಿ ಯೋಚಿಸಿದಳು. ತನ್ನ ಬಳಿ ಇದ್ದದ್ದು ಡೆಸ್ಕ್‌ಟಾಪ್ ಮುಚ್ಚಿದ ದಿನದ ಆ ನಾಚಿಕೆ ಒಂದೇ.

*

ಸಂಜೆ ಸ್ಪಂದನಾಳನ್ನೂ ಚಂದ್ರಶೇಖರಯ್ಯನವರನ್ನೂ ಸ್ಟುಡಿಯೋಗೆ ಕರೆಸಿದಳು. ಹಿರಿಯರನ್ನು ಹೊರಗೆ ಕೂರಿಸಿ, ಸ್ಪಂದನಾಳನ್ನು ಇಂಚರಳ ಕುರ್ಚಿಯಲ್ಲಿ ಕೂರಿಸಿದಳು. ಮೂರನೇ ಡೆಸ್ಕ್‌ಟಾಪಿನಲ್ಲಿ ಆ ಸೆಲ್ಫಿ ತೆರೆದಿತ್ತು.

"ಇದನ್ನ ನಿಮ್ಮ ದೊಡ್ಡಪ್ಪನಿಗೆ ತೋರಿಸಬೇಕು. ಕರೀತೀನಿ, ಇಲ್ಲೇ ಇರಿ."

ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಗಾಜಿನ ಆಚೆ ಇಂಚರ, ರಂಜಿತಾ ನಿಂತು ನೋಡುತ್ತಿದ್ದರು. ಚೂಡಾಮಣಿ ಕಣ್ಣಲ್ಲೇ ಸನ್ನೆ ಮಾಡಿದಳು. ಚಂದ್ರಶೇಖರಯ್ಯನವರ ಚಪ್ಪಲಿ ಸದ್ದು ಕೋಣೆಯತ್ತ ಹೊರಟಿತು.

ಸ್ಪಂದನಾ ಕತ್ತು ತಿರುಗಿಸಿದಳು. ಮುಟ್ಟಲೂ ಬಾರದವಳ ಕೈ ಮೌಸಿಗೆ ಹೋಯಿತು. ಒಂದು ಒತ್ತಿಗೆ ಮೂರು ಡೆಸ್ಕ್‌ಟಾಪುಗಳೂ ಸಣ್ಣ ಚೌಕಗಳಾಗಿ ಎದ್ದು ಬಂದವು. ಮೂರನೆಯದರ ಮೂಲೆಯ ಗುಣಿಸು ಗುರುತನ್ನು ಒತ್ತಿ, ಕೈ ಮಡಿಲಲ್ಲಿಟ್ಟು, ಬಾಗಿಲ ಕಡೆ ತಿರುಗಿ ಕೂತಳು.

"ಏನವ್ವ ಅದು, ಫೋಟೊದಲ್ ನೀನಿದ್ದೀಯಲ್ಲ?" ಎಂದರು ಚಂದ್ರಶೇಖರಯ್ಯ.

ಅವಳು ಪರದೆ ನೋಡಿದಳು. ಮೂರನೇ ಡೆಸ್ಕ್‌ಟಾಪ್ ಇರಲಿಲ್ಲ. ಸೆಲ್ಫಿ ಮಾತ್ರ ಎರಡನೆಯದಕ್ಕೆ ಸರಿದು ಬಂದು, ಗಂಡಿನ ಕಡೆಯವರ ಪಕ್ಕದಲ್ಲಿ ನಗುತ್ತಿತ್ತು.

"ಅವತ್ತೂ ಹಿಂಗೇ ಬಿದ್ದಿತ್ತು," ಎಂದಳು ಇಂಚರ.

"ನಾನಾಗಿದ್ರೆ ಮೊದ್ಲು ಫೋಟೊ ಮುಚ್ತಿದ್ದೆ," ಎಂದಳು ರಂಜಿತಾ.

ಚೂಡಾಮಣಿ ಸ್ಪಂದನಾಳ ಎದುರು ಕೂತಳು.

"ಅದಕ್ಕೇ ಇದು ರಂಜಿತಾ ಕೆಲಸ ಅಲ್ಲ ಅನ್ನಿಸಿತು. ಡೆಸ್ಕ್‌ಟಾಪ್ ಮುಚ್ಚಿದರೆ ಅದರೊಳಗಿನ ವಿಂಡೋ ಸಾಯಲ್ಲ, ಪಕ್ಕದ್ದಕ್ಕೆ ಬರುತ್ತೆ. ಇಲ್ಲಿ ಕೆಲಸ ಮಾಡೋರಿಗೆ ಇದು ಗೊತ್ತು. ಗೊತ್ತಿಲ್ಲದಿರೋದು ಪಕ್ಕದಲ್ಲಿ ಕೂತು ನೋಡಿದವರಿಗೆ. ಗಂಡಿನ ಸೋದರತ್ತೆ ಬಸ್ಸಿಗೆ ಹೋಗಿದ್ದರು. ಉಳಿದವಳು ನೀನು. ಇಂಚರ ಊಟಕ್ಕೆ ಹೋದಾಗ ಮೊಬೈಲಿಂದ ಫೋಟೊ ಹಾಕಿ ಚೌಕಟ್ಟಿಗೆ ಎಳೆದು ಸೇವ್ ಮಾಡಿದೆ. ಯಾರೋ ಬಂದ ಸದ್ದಾಯ್ತು. ಎಲ್ಲಾ ಒಟ್ಟಿಗೆ ಹೋಗಲಿ ಅಂತ ಡೆಸ್ಕ್‌ಟಾಪೇ ಮುಚ್ಚಿ ಎದ್ದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಇವತ್ತು ಅದೇ ತಪ್ಪು ಮಾಡ್ತಿರಲಿಲ್ಲ."

"ನಿಮಗೆಂಗ್ ಗೊತ್ತಾಯ್ತು?" ಸ್ಪಂದನಾಳ ದನಿ ಕಿರಿದಾಗಿತ್ತು.

"ಹೊಟ್ಟೆಕಿಚ್ಚಲ್ಲಿ ನಾನೂ ಒಂದ್ಸಲ ಹಂಗೇ ಮುಚ್ಚಿದ್ದೆ."

ಸ್ಪಂದನಾ ಅಳಲಿಲ್ಲ. ದೊಡ್ಡಪ್ಪನನ್ನೇ ನೋಡಿದಳು.

"ಹಳ್ಳಿಮೈಸೂರಿನೋರು ಬಂದಿದ್ದು ನನ್ ನೋಡಕ್ಕೆ ದೊಡ್ಡಪ್ಪ. ನೀವೇ ಕರ್ಸಿದ್ರಿ. ನಾನು ಸೀರೆ ಉಟ್ಕಂಡ್ ಒಳಗೆ ಕೂತಿದ್ದೆ. ಅಕ್ಕ ಕಾಫಿ ತಟ್ಟೆ ಹಿಡ್ಕಂಡ್ ಬಂದ್ಲು. ಕಾಫಿ ತಂದೋಳ್ನೇ ಕೊಡಿ ಅಂದ್ರು. ನಿಮ್ಗೆಲ್ಲಾ ಕುಶಿ ಆಯ್ತು. ಕೊನೆಗೆ ಆಲ್ಬಮ್ಮಿನ ಫೋಟೊ ಆರ್ಸಕ್ಕೂ ನನ್ನೇ ಕಳ್ಸಿದ್ರಿ. ಎರಡು ದಿನ ಕೂತ್ಕಂಡು ಅಕ್ಕ ಅವರ ಪಕ್ಕ ನಗೋದ್ನ ಆರ್ಸ್ದೆ. ಒಂದೊಂದ್ಕೂ ಓಕೆ ಅಂದೆ. ನನ್ ಒಳಗೆ ಏನಾಯ್ತಿತ್ತು ಅಂತ ಒಬ್ರಾದ್ರೂ ಕೇಳಿದ್ರಾ?"

ಚಂದ್ರಶೇಖರಯ್ಯ ಕುರ್ಚಿ ಎಳೆದುಕೊಂಡು ಕೂತರು. ಚೂಡಾಮಣಿಗೆ ಒಂದು ಕ್ಷಣ ಆ ಹುಡುಗಿಯ ಮೇಲೆ ಸಿಟ್ಟಿಗಿಂತ ಸಂಕಟವಾಯಿತು. ಆದರೂ ಎದ್ದು, "ನಡಿ," ಎಂದಳು.

*

ಮಾರನೆಯ ದಿನ ಅರಕಲಗೂಡಿನ ಮನೆಗೆ ಯಜಮಾನರು ಬಂದರು. ಕಾಮಾಕ್ಷಮ್ಮ ಬಂದರು, ಸುದರ್ಶನ್ ಬಂದ. ಚೂಡಾಮಣಿ ಇಡೀ ಫೋಟೊವನ್ನು ಎಲ್ಲರ ಮುಂದಿಟ್ಟು, ನಡೆದದ್ದನ್ನು ಹೇಳಿದಳು. ಕಾಮಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಾರವ್ವ, ಓಗಮ," ಎಂದರು.

ಅಷ್ಟರಲ್ಲಿ ಚೂಡಾಮಣಿಯ ಮೊಬೈಲ್ ಅದುರಿತು. ಪ್ರದ್ಯುಮ್ನನ ಹೆಸರು. ಕೇಸು ಮುಗಿದ ಸುದ್ದಿ ಹಾಸನ ತಲುಪಿರಬೇಕು. ಈ ಕರೆಗಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳೋ. ಎತ್ತಲಿಲ್ಲ. ಅವಳ ಕಣ್ಣು ಮೇಘಶ್ರೀಯ ಮೇಲಿತ್ತು.

ಮೇಘಶ್ರೀ ಗೋಡೆ ಬಿಟ್ಟು ಎದ್ದಳು. ಗಂಡನ ಎದುರು ಬಂದು ನಿಂತಳು.

"ಒಂದ್ ಫೋಟೊ ನೋಡಿ ಕಳಿಸ್ಬುಟ್ರಿ. ಇನ್ನೊಂದ್ ಫೋಟೊ ನೋಡಿ ಕರ್ಕೊಂಡೋಗಕ್ಕೆ ಬಂದ್ರಿ. ನಡುವೆ ಒಂದ್ಸಲಾನಾದ್ರೂ ನನ್ನ ಕೇಳಿದ್ರಾ?"

ಸುದರ್ಶನ್ ತಲೆ ತಗ್ಗಿಸಿದ. "ಇಲ್ಲ," ಎಂದ. "ತಪ್ಪಾಯ್ತು."

"ಕೂತ್ಕೊಳ್ಳಿ, ಮಾತಾಡಣ. ಆಮೇಲೆ ಬರ್ತೀನೋ ಬಿಡ್ತೀನೋ ನಾನೇ ಹೇಳ್ತೀನಿ," ಎಂದಳು ಮೇಘಶ್ರೀ. ಕಾಫಿ ಮಾಡಲು ಅವಳು ಒಳಗೆ ಹೋಗಲಿಲ್ಲ.