ಗುರುವಾರ ಕಲಿಸಬೇಕಾಗಿದ್ದ ಗಂಟು

“ಕುರಿ ಕಾಯವನ ಮಗನ ಕೈಯಾಗ ಕಂಪಾಸ ಸಿಕ್ಕರ ಏನ ಮಾಡ್ತಾನ್ರಿ? ಗಂಟಿ ಅಂತ ಟಗರಿನ ಕೊರಳಿಗೆ ಕಟ್ತಾನ.”

ಬನಪ್ಪ ಮಾಸ್ತರರು ಇದನ್ನು ಬಾದಾಮಿ ಪೊಲೀಸ್ ಠಾಣೆಯ ಕಟ್ಟೆಯ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು. ೧೯೨೧ನೇ ಇಸವಿ, ಜನವರಿ ೧೨, ಬುಧವಾರ, ಬೆಳಿಗ್ಗೆ ಒಂಬತ್ತೂವರೆ. ಬದುವಿನ ತಕರಾರಿಗೆ ಬಂದವರು, ಕಳೆದುಹೋದ ಎಮ್ಮೆಯ ವರದಿ ಕೊಡಲು ಬಂದವರು ಹತ್ತು ಹನ್ನೆರಡು ಮಂದಿ ಕೆಳಗೆ ಕೂತಿದ್ದರು. ಕೆಲವರು ನಕ್ಕರು. ಮಾಸ್ತರರ ಪಕ್ಕದಲ್ಲಿದ್ದ ಹದಿನಾರು ವರ್ಷದ ಅಮಸಿದ್ದಪ್ಪ ನಕ್ಕವರ ಮುಖವನ್ನು ಒಂದೊಂದಾಗಿ ನೋಡಿದ. ಅವರು ನಗು ನಿಲ್ಲಿಸುವವರೆಗೂ ನೋಡಿದ.

ಫೌಜದಾರ ರಾಜಮಹ್ಮದ ಇಬ್ಬರನ್ನೂ ಒಳಗೆ ಕರೆದು ಫಿರ್ಯಾದಿ ಬರೆಸಿಕೊಂಡರು. ಬಾಗಲಕೋಟೆಯ ಒಂದು ಇಂಗ್ಲಿಷ್ ಶಾಲೆಯ ಹನ್ನೆರಡು ಸ್ಕೌಟ್ ಹುಡುಗರು ಸೋಮವಾರದಿಂದ ಊರಾಚೆಯ ಗುಡ್ಡದಲ್ಲಿ ಡೇರೆ ಹಾಕಿದ್ದರು. ಕಾಡಿನಲ್ಲಿ ದಾರಿ ಹಿಡಿಯುವುದು, ಒಲೆ ಹೂಡುವುದು, ಗಂಟು ಕಟ್ಟುವುದು, ತಂಡ ನಡೆಸುವುದು ಅಲ್ಲಿಯ ಪಾಠ. ಭಾನುವಾರ ವಿಜಾಪುರದಿಂದ ಸಾಹೇಬರು ಪರೀಕ್ಷೆಗೆ ಬರುವವರಿದ್ದರು. ಶಾಲೆಗೆ ಇದ್ದ ಒಂದೇ ಹಿತ್ತಾಳೆ ಕಂಪಾಸು ಮಂಗಳವಾರ ಸಂಜೆಯಿಂದ ಕಾಣೆ. ಸಂಶಯ ಅಮಸಿದ್ದಪ್ಪನ ಮೇಲೆ.

“ತಗೊಂಡೀಯೇನು?” ಫೌಜದಾರರು ಕೇಳಿದರು.

“ಇಲ್ಲರಿ.”

“ಕಾಲ ಮುಟ್ಟಿ ತಪ್ಪಾತು ಅಂದ್ರ ಮಾಸ್ತರ ಫಿರ್ಯಾದಿ ಹಿಂದ ತಗೋತಾರಂತ.”

“ಯಾವ ತಪ್ಪು ಅಂತ ಹೇಳ್ಲಿರಿ? ಮಾಡಿದ್ರ ಅದರ ಹೆಸರ ಗೊತ್ತಿರ್ತಿತ್ತು.”

“ತಲಿ ತಗ್ಗಿಸಿ ಮಾತಾಡಲೇ,” ಎಂದರು ಮಾಸ್ತರರು.

“ತಗ್ಗಿಸಿದ್ರ ಸಾಹೇಬ್ರ ಮುಖ ಕಾಣಂಗಿಲ್ಲರಿ.”

ಹುಡುಗ ನಾದಾರಿಯಲ್ಲಿ ಓದುತ್ತಿದ್ದ, ಫೀ ಮಾಫಿ. ಕಳವಿನ ಕಲೆ ಹತ್ತಿದರೆ ನಾದಾರಿ ಹೋಗುತ್ತದೆ, ನಾದಾರಿ ಹೋದರೆ ಶಾಲೆ ಹೋಗುತ್ತದೆ. ಅವನ ಮನೆತನದಲ್ಲಿ ಅಕ್ಷರ ಕಲಿತವನು ಅವನೊಬ್ಬನೇ. ಇದು ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು.

ಹತ್ತೂಕಾಲಿಗೆ ಕಲಂ ೩೭೯ರ ಕೆಳಗೆ ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಫೌಜದಾರರು, ಪೊಲೀಸ್ ಬಂಡೆಪ್ಪ, ಪಂಚರಾಗಿ ಕಲ್ಲುಕುಟಿಗ ಅಬ್ದುಲಸಾಬ ಮತ್ತು ಗಾಡಿಯ ಇಬ್ರಾಹಿಂಸಾಬ ಡೇರೆಗಳ ಬಳಿ ಬಂದರು. ಮಾಸ್ತರರೂ ಹುಡುಗನೂ ಜೊತೆಗಿದ್ದರು.

ಅಮಸಿದ್ದಪ್ಪ ಮಲಗುತ್ತಿದ್ದದ್ದು ಮೂರನೆಯ ಡೇರೆಯಲ್ಲಿ. ಅವನ ಕಂಬಳಿ ಸುತ್ತಿ ಇಟ್ಟಿತ್ತು. ಬಂಡೆಪ್ಪ ಬಿಡಿಸಿದ. ಒಂದು ಚುಂಗಿನಲ್ಲಿ ಏನೋ ದುಂಡಗಿನದನ್ನು ಇಟ್ಟು, ಬಿಳಿಯ ಹುರಿಯಿಂದ ಬಿಗಿದು ಕಟ್ಟಿತ್ತು.

“ನಾ ಏನ ಹೇಳಿದ್ದೆ?” ಎಂದರು ಮಾಸ್ತರರು.

ಹುಡುಗರೆಲ್ಲ ಅಮಸಿದ್ದಪ್ಪನ ಕಡೆ ತಿರುಗಿದರು. ಅವನು ಕಂಬಳಿಯನ್ನು ನೋಡುತ್ತಿದ್ದ. ಹೆದರಿಕೆಗಿಂತ ಹೆಚ್ಚಾಗಿ ಹೇಸಿಕೆ ಇತ್ತು ಮುಖದಲ್ಲಿ.

ಫೌಜದಾರರು ಹುರಿಗೆ ಕೈ ಹಾಕಿದಾಗ ಬಂಡೆಪ್ಪ ತಡೆದ. “ಗಂಟು ಬಿಚ್ಚಬ್ಯಾಡ್ರಿ ಸಾಹೇಬ್ರ.”

“ಯಾಕ?”

“ನಾನೂ ಕುರುಬರವನರಿ. ನಮ್ಮ ಕಡೆ ಕಂಬಳಿ ಅಂದ್ರ ಬೀರಪ್ಪನ ಗದ್ದುಗಿ. ಹೊದೀತೇವಿ, ಹಾಸ್ತೇವಿ. ಗಂಟು ಹಾಕಂಗಿಲ್ಲ. ಮಳ್ಯಾಗ ತಲಿಗೆ ಕೊಪ್ಪಿ ಮಾಡಿದ್ರೂ ಗಂಟಿನ ಬದಲಿ ಮುಳ್ಳು ಚುಚ್ಚತೇವಿ. ಇವ ಕಟ್ಟಿದ್ದಲ್ಲ ಇದು.”

“ಕಳ್ಳಗ ಯಾವ ದೇವರಲೇ?” ಮಾಸ್ತರರೆಂದರು.

“ದೇವರ ಮಾತು ಕೋರ್ಟಿನಾಗ ನಿಲ್ಲಂಗಿಲ್ಲ, ಬಂಡೆಪ್ಪ,” ಎಂದರು ಫೌಜದಾರರು.

“ಗಂಟು ನಿಲ್ತದಲ್ರಿ.”

ಫೌಜದಾರರು ಗಂಟನ್ನು ಹಾಗೇ ಉಳಿಸಿ, ಹುರಿಯನ್ನು ಹಿಂಬದಿಯಿಂದ ಕತ್ತರಿಸಿದರು. ಕಂಪಾಸು ಹೊರಬಂತು. ಗಂಟು ಇಂಗ್ಲಿಷ್ ಎಂಟರ ಅಂಕಿಯಂತೆ ಎರಡು ಸುತ್ತು ಸುತ್ತಿ ಒಳಗಿನಿಂದ ತುದಿ ಎಳೆದದ್ದು. ಸಂತೆಯಲ್ಲಿ ಮೂಟೆ ಕಟ್ಟುವವರು ಹಾಕುವ ಗಂಟಲ್ಲ, ಗಾಡಿಯವರದೂ ಅಲ್ಲ. ಇಬ್ರಾಹಿಂಸಾಬ ಅದನ್ನು ತಿರುಗಿಸಿ ನೋಡಿ, “ಮೂವತ್ತು ವರ್ಷ ಹಗ್ಗ ಬಿಗಿದೇನ್ರಿ. ಇಂಥಾದ್ದು ನೋಡಿಲ್ಲ,” ಎಂದ. ಪಂಚನಾಮೆಯಲ್ಲಿ ಅದನ್ನೂ ಬರೆದರು.

ಹನ್ನೆರಡೂ ಇಪ್ಪತ್ತಕ್ಕೆ ಅದೇ ಡೇರೆಯ ಶಾಬುದ್ದೀನನ ಜಬಾನಿ ಹೇಳಿಕೆ.

“ನಿನ್ನೆ ಸಂಜಿ ಅಮಸಿದ್ದ ಎಲ್ಲಿದ್ದ?”

“ಮಾಸ್ತರ ನಮ್ಮಿಬ್ರನ್ನೂ ಹೊಂಡದ ನೀರಿಗೆ ಕಳಿಸಿದ್ರು. ಆರಕ್ಕ ಹೋಗಿ ಕತ್ತಲಾದ ಮ್ಯಾಲ ಬಂದಿವಿ.”

“ಡೇರೆದಾಗ ಯಾರಿದ್ರು?”

“ಉಳಿದವ್ರು ಕಟಗಿಗೆ ಹೋಗಿದ್ರು. ಮಾಸ್ತರ ಒಬ್ಬರ ಇದ್ರು.”

“ಮಾಸ್ತರಿಗೂ ಅವಗೂ ಏನಾರ ಆಗಿತ್ತೇನು?”

ಶಾಬುದ್ದೀನ ಹಿಂದೆ ನೋಡಿದ. ಮಾಸ್ತರರು ದೂರದಲ್ಲಿದ್ದರು. “ನಿನ್ನೆ ಮುಂಜಾನೆ ಮಾಸ್ತರ ಕಂಪಾಸ ಹಿಡದು ನಮ್ಮನ್ನ ಗುಡ್ಡದಾಗ ಕರಕೊಂಡು ಹೋದ್ರಿ. ಮೂರ ತಾಸ ನಡದ್ರೂ ತಿರುಗಿ ತಿರುಗಿ ಅದ ಕಳ್ಳಿ ಗಿಡಕ್ಕ ಬಂದಿವಿ. ಕಂಪಾಸ ಹಿಡದ ಕೈಯಾಗ ಕಬ್ಬಿಣದ ಗುದ್ದಲೀನೂ ಇತ್ತು. ಅಮಸಿದ್ದ ಅಂದ, ಮಾಸ್ತರ, ಅದು ಉತ್ತರ ತೋರಸವಲ್ದು, ನಿಮ್ಮ ಗುದ್ದಲಿ ತೋರಸಾಕತ್ತದ.”

ಫೌಜದಾರರ ಮೀಸೆ ಅಲುಗಿತು. “ಆಮ್ಯಾಲ?”

“ನಕ್ಕಿವಿರಿ. ಎಲ್ಲಾರೂ. ಕೂತು ನಕ್ಕಿವಿ. ಆಮ್ಯಾಲ ಅಂವ ಕುರಿ ಹೆಜ್ಜಿ ನೋಡ್ಕೋತ ಅರ್ಧ ತಾಸಿನಾಗ ಡೇರೆ ಮುಟ್ಟಿಸಿದ. ಹುಡುಗ್ರು ಐತವಾರ ಸಾಹೇಬ್ರು ಬಂದಾಗ ತಂಡದ ನಿಶಾನಿ ಹಿಡದು ಮುಂದ ನಡಿಯಾಂವ ಇವನ ಅಂದ್ರು. ಮಾಸ್ತರ ಡೇರೆದೊಳಗ ಹೋಗಿಬಿಟ್ರು.”

ಮಾಸ್ತರರೇ ಬರೆದ ವಾರದ ಪಾಠಪಟ್ಟಿ ಡೇರೆಯ ಕಂಬಕ್ಕೆ ಅಂಟಿಸಿತ್ತು. ಸೋಮವಾರ ಡೇರೆ, ಒಲೆ. ಮಂಗಳವಾರ, ಬುಧವಾರ ದಾರಿ. ಗುರುವಾರ ಗಂಟುಗಳು. ಫೌಜದಾರರು ಹಾಳೆಯನ್ನು ಕಿತ್ತು ಕಡತದಲ್ಲಿ ಇಟ್ಟುಕೊಂಡರು. ನಂತರ ಹನ್ನೆರಡೂ ಹುಡುಗರಿಗೆ ಒಂದೊಂದು ಮೊಳ ಹುರಿ ಕೊಟ್ಟು, ಗೊತ್ತಿದ್ದ ಗಟ್ಟಿ ಗಂಟು ಹಾಕಲು ಹೇಳಿದರು. ಒಬ್ಬ ಜನಿವಾರದ ಗಂಟು ಹಾಕಿದ, ಒಬ್ಬ ಚಡ್ಡಿಯ ಲಾಡಿಯದು. ಅಮಸಿದ್ದಪ್ಪ ಕುರಿಮರಿಯ ಕಾಲಿಗೆ ಹಾಕುವ ಜಾರುಗಂಟು ಹಾಕಿ, ಕೈ ಕಟ್ಟಿ ನಿಂತ. ಎಂಟರ ಗಂಟು ಯಾರ ಕೈಯಲ್ಲೂ ಬರಲಿಲ್ಲ.

“ಇರ್ಲಿ ಬಿಡ್ರಿ,” ಎಂದು ಫೌಜದಾರರು ಮಾಸ್ತರರ ಕಡೆ ತಿರುಗಿದರು. “ಮಾಲು ಸಿಕ್ತಲ್ಲ. ಕೋರ್ಟಿಗೆ ಕಳಿಸೂದೈತಿ. ನಿಮ್ಮ ಸಾಲೀದು, ಹುಷಾರಾಗಿ ನೀವ ಕಟ್ಟಿಕೊಡ್ರಿ.”

ಮಾಸ್ತರರು ತಮ್ಮ ಟ್ರಂಕಿನಿಂದ ಹುರಿಯ ಉಂಡೆ ತಂದರು. ಕಂಪಾಸನ್ನು ಅರಿವೆಯಲ್ಲಿ ಸುತ್ತಿದರು. ಕೈಗಳು ಕೆಲಸ ಮಾಡುತ್ತಿದ್ದರೆ ಬಾಯಿ ನಡೆದೇ ಇತ್ತು. “ಇಂಥವರನ್ನ ಸಾಲಿಗೆ ತಗೊಂಡದ್ದ ತಪ್ಪು. ನಾ ಅವತ್ತ ಹೇಳಿದ್ದೆ. ಎಷ್ಟ ಕಲಿಸಿದ್ರೂ ಕುರಿ ಹಿಕ್ಕಿ ವಾಸನಿ ಹೋಗಂಗಿಲ್ಲ...” ಎರಡು ಸುತ್ತು, ಒಳಗಿನಿಂದ ತುದಿ, ಒಂದು ಎಳೆತ.

ಬಂಡೆಪ್ಪ ಪೊಟ್ಟಣವನ್ನು ತೆಗೆದುಕೊಂಡು ಕತ್ತರಿಸಿಟ್ಟಿದ್ದ ಗಂಟಿನ ಪಕ್ಕದಲ್ಲಿ ಇಟ್ಟ. ಅಬ್ದುಲಸಾಬ ಬಗ್ಗಿ ನೋಡಿದ. ಇಬ್ರಾಹಿಂಸಾಬನೂ ನೋಡಿದ. ಹುಡುಗರೆಲ್ಲ ಹತ್ತಿರ ಬಂದರು. ಎರಡೂ ಒಂದೇ ಎಂಟರ ಗಂಟು.

“ಈ ಗಂಟು ಹುಡುಗರಿಗೆ ಯಾವಾಗ ಕಲಿಸಾವ್ರಿದ್ರಿ?” ಫೌಜದಾರರು ಕೇಳಿದರು.

ಅವರು ಕಡತದಿಂದ ಪಾಠಪಟ್ಟಿಯ ಹಾಳೆ ತೆಗೆದರು.

“ನಾಳೆ ಅಂತ ನೀವ ಬರದೀರಿ.”

ಪೊಟ್ಟಣ ಕಟ್ಟಿದ ಹುರಿಯ ಮೊದಲ ತುದಿಗೂ ಕಂಬಳಿಯಿಂದ ಬಂದ ಹುರಿಯ ತುದಿಗೂ ಓರೆಯಾಗಿ ಕತ್ತರಿಸಿದ ಗುರುತು ಕೂಡಿತು. ಎರಡನೆಯ ಪಂಚನಾಮೆ ಎರಡೂ ಹತ್ತಕ್ಕೆ ಮುಗಿಯಿತು. ಸುಳ್ಳು ಫಿರ್ಯಾದಿಗೆ ವಾರಂಟ್ ಇಲ್ಲದೆ ಹಿಡಿಯುವಂತಿಲ್ಲ. ಫೌಜದಾರರು ಮ್ಯಾಜಿಸ್ಟ್ರೇಟರೂ ಆಗಿದ್ದ ಮಾಮಲೇದಾರರ ಕಚೇರಿಗೆ ಬರೆದರು. ನಾಲ್ಕೂವರೆಗೆ ವಾರಂಟ್ ಬಂತು. ಐದು ಗಂಟೆಗೆ, ಬೆಳಿಗ್ಗೆ ಭಾಷಣ ಮಾಡಿದ ಅದೇ ಠಾಣೆಯಲ್ಲಿ, ಬನಪ್ಪ ಮಾಸ್ತರರ ದಸ್ತಗಿರಿ ಆಯಿತು.

ಮಾಸ್ತರರು ಕೊನೆಗೆ ಒಪ್ಪಿದರು. ಹೇಳಿದ್ದು ಸ್ವಲ್ಪ.

“ಹದಿನಾಲ್ಕ ವರ್ಷ ಕಲಿಸೀನಿ. ಕ್ಲಾಸಿನಾಗ ಒಬ್ಬ ಕೆಮ್ಮಂಗಿರಲಿಲ್ಲ. ನಿನ್ನೆ ಹನ್ನೆರಡೂ ಮಂದಿ ನಕ್ರು.”

“ಅಂವ ಹೇಳಿದ್ದು ಖರೆ ಇತ್ತಲ್ಲ?”

“ಖರೆ ಇತ್ತು. ಅದಕ್ಕ.”

ಫೌಜದಾರರು ಡೈರಿಯಲ್ಲಿ ಕಾರಣದ ಜಾಗದಲ್ಲಿ ‘ವಿದ್ಯಾರ್ಥಿಯು ನಿಜ ಹೇಳಿದ್ದು’ ಎಂದು ಬರೆದು, ಅದನ್ನು ಹೊಡೆದು ಹಾಕಲಿಲ್ಲ.

ಆರಕ್ಕೆ, ತಂತಿಯಲ್ಲಿ ಸುದ್ದಿ ತಿಳಿದ ಮುಖ್ಯೋಪಾಧ್ಯಾಯರು ಬಾಗಲಕೋಟೆಯಿಂದ ರೈಲಿನಲ್ಲಿ ಬಂದರು. ಮಾಸ್ತರರನ್ನು ನೋಡುವ ಮೊದಲೇ ಅಮಸಿದ್ದಪ್ಪನ ಬೆನ್ನ ಮೇಲೆ ಕೈ ಇಟ್ಟರು.

“ಶಾಣ್ಯಾ ಹುಡುಗ ನೀ. ಆದದ್ದಾತು. ಸಾಲಿ ಹೆಸರ ಕೆಡಬಾರದು. ಫೌಜದಾರರ ಮುಂದ ಇಷ್ಟ ಹೇಳು: ಕಂಪಾಸ ನಾನ ಆಟಕ್ಕ ಇಟಗೊಂಡಿದ್ದೆ, ಮಾಸ್ತರಿಗೆ ಗೊತ್ತಿರಲಿಲ್ಲ. ಮುಂದಿಂದು ನಾ ನೋಡ್ಕೋತೇನಿ. ಐತವಾರ ಸಾಹೇಬ್ರ ಮುಂದ ನಿಶಾನಿ ನಿನ್ನ ಕೈಯಾಗ. ಮ್ಯಾಟ್ರಿಕ್ ಮುಗಿಯೂ ತನಕ ನಾದಾರಿ. ಇಲ್ಲಾಂದ್ರ ಅದೂ ಇರಂಗಿಲ್ಲ ನೋಡು.”

ಫೌಜದಾರರು ಲೇಖಣಿ ಕೆಳಗಿಟ್ಟು ಹುಡುಗನನ್ನು ನೋಡಿದರು. ಬಾಗಿಲಲ್ಲಿ ಶಾಬುದ್ದೀನ ಮತ್ತು ಉಳಿದ ಹತ್ತು ಹುಡುಗರು ನಿಂತಿದ್ದರು.

“ಏನಂತೀ?” ಮುಖ್ಯೋಪಾಧ್ಯಾಯರು ಕೇಳಿದರು.

ಅಮಸಿದ್ದಪ್ಪ ತನ್ನ ಬೆನ್ನಿನಿಂದ ಅವರ ಕೈಯನ್ನು ತೆಗೆದ. ಹುಡುಗರು ದಾರಿ ಬಿಟ್ಟರು. ಕಟ್ಟೆ ಇಳಿದು, ಬಾಗಲಕೋಟೆಯ ರೈಲು ಸಿಗುವ ಸ್ಟೇಷನ್ನಿನ ದಾರಿಯನ್ನು ಬಿಟ್ಟು, ಅಪ್ಪ ಕುರಿ ತರುಬಿದ್ದ ಕುಳಗೇರಿಯ ಕಡೆ ತಿರುಗಿದ.

“ಲೇ, ನಿನ್ನನ್ನ ಕೇಳಾಕತ್ತೇನಿ,” ಎಂದು ಮುಖ್ಯೋಪಾಧ್ಯಾಯರು ಹಿಂದಿನಿಂದ ಕೂಗಿದರು.

ಅವನು ನಡೆಯುತ್ತಲೇ ಹೋದ.