ಫಿಟ್ಟರ್ ತಾಯಿಯ ಗಂಟು

"ಆ ಗಂಟು ಮುಟ್ಬೇಡಿ ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು ಹಿರಿಯ ನರ್ಸು. "ಸತ್ತ ಫಿಟ್ಟರ್‌ನ ತಾಯಿ ಬಾಗಿಲಿಗೆ ಕಟ್ಟಿ ಹೋಗಿದ್ದು. ನಿಮಗಿಂತ ಮುಂಚೆ ಇದ್ದವ್ರು ಕಿತ್ತು ಬಿಸಾಕಿದ್ರು. ಇದೇ ಕುರ್ಚೀಲಿ ಎದೆ ಹಿಡ್ಕೊಂಡು ಸತ್ತೋದ್ರು, ಮೂವತ್ನಾಲ್ಕನೇ ವಯಸ್ಸಿಗೆ. ಮಾರನೇ ದಿನ ನೋಡಿದ್ರೆ ಗಂಟು ಮತ್ತೆ ಅಲ್ಲೇ!"

ಕಾರ್ಖಾನೆಯ ಚಿಕಿತ್ಸಾ ಕೋಣೆಗೆ ಅಂದೇ ಬಂದಿದ್ದ ಹೊಸ ವೈದ್ಯ ಮೂಗು ಮುರಿದ. ಇಪ್ಪತ್ನಾಲ್ಕರ ಫಿಟ್ಟರ್ ಎದೆ ಹಿಡಿದುಕೊಂಡು ಬಂದಾಗ ಹಿಂದಿನ ವೈದ್ಯ ಮೈಗಳ್ಳನೆಂದು ಬೈದು ಕೆಲಸಕ್ಕೆ ಅಟ್ಟಿದ್ದ. ಆ ಹುಡುಗ ಮಷೀನಿನ ಮೇಲೇ ಕವುಚಿ ಬಿದ್ದು ಸತ್ತಿದ್ದ. ಅಷ್ಟೇ ತಾನೆ? ಬೀಡಿ ಸೇದಿ, ನಿದ್ದೆಗೆಟ್ಟು, ಕಂಡದ್ದೆಲ್ಲ ತಿಂದು ಹೃದಯ ಹಾಳುಮಾಡಿಕೊಳ್ಳುವ ಈ ಮಂದಿಗೆ ಸಾಯಲು ಮಾಟ ಬೇರೆ ಬೇಕೆ!

"ನೀವೇ ಹೀಗಂದ್ರೆ ಓದು ಬರಹ ಇಲ್ದೋರು ಏನನ್ಬೇಕಮ್ಮ?" ಎನ್ನುತ್ತ ಸ್ಟೂಲು ಹತ್ತಿ ದಾರವನ್ನು ಕಚಕ್ಕನೆ ಕತ್ತರಿಸಿದ. ಕಪ್ಪು ಬಟ್ಟೆ ಬಿಚ್ಚಿಕೊಂಡಿತು. ಉಗುರು, ಕೂದಲು, ಹೆಪ್ಪುಗಟ್ಟಿದ ರಕ್ತದ ಕಮಟು. ಕಸದ ಬುಟ್ಟಿಗೆ ಒಗೆದು ಕೈ ಕೊಡವಿದ.

ಮಧ್ಯಾಹ್ನ ವೆಲ್ಡರ್ ಒಬ್ಬ ಬಂದ. ಇಪ್ಪತ್ತಾರರ ಪ್ರಾಯ, ಬೆವರಿನಲ್ಲಿ ತೊಯ್ದುಹೋಗಿದ್ದ. "ಎದೇನ ಯಾರೋ ಹಿಂಡಿದ ಹಾಗಾಗ್ತಿದೆ ಸರ್."

"ಈ ವಯಸ್ಸಿಗೆ ಎದೆನೋವು! ರಜೆ ಬೇಕಂದ್ರೆ ಬೇರೆ ನಾಟಕ ಕಲ್ತು ಬಾ."

ಆದರೂ ಸ್ಟೆತಾಸ್ಕೋಪ್ ಇಟ್ಟ. ಬಡಿತ ಕೇಳಲಿಲ್ಲ. ಎಲ್ಲೋ ಆಳದಲ್ಲಿ ಹೆಂಗಸೊಬ್ಬಳು ಅಳುತ್ತಿದ್ದಳು: "ಏಳೋ ಮಗಾ... ಏಳೋ..."

ವೈದ್ಯ ಸ್ಟೆತಾಸ್ಕೋಪನ್ನು ಕಿವಿಯಿಂದ ಕಿತ್ತುಕೊಂಡ. "ಹಾಳು ಕೊಳವೆ," ಎಂದು ಗೊಣಗಿದ. "ನಿಂಗೇನೂ ಆಗಿಲ್ಲ, ನಡಿ ಕೆಲಸಕ್ಕೆ."

ವೆಲ್ಡರ್ ಹೊಸ್ತಿಲಲ್ಲೇ ಕುಸಿದ. ದೀಪ ಆರಿತು. ಕಿಟಕಿಯಿಲ್ಲದ ಕೋಣೆ. ಸುಟ್ಟ ಕೂದಲಿನ ನಾತ. ವೈದ್ಯ ಕತ್ತಲಲ್ಲಿ ತಡಕಾಡಿ ಅವನ ಎದೆ ಒತ್ತತೊಡಗಿದ. ಒತ್ತಿದ. ಮತ್ತೆ ಒತ್ತಿದ. ಅಂಗೈಯಡಿ ಮಿಡಿತ ಮರಳಿತು. ಆಗಲೇ ತನ್ನದೇ ಎದೆಯೊಳಗೆ ತಣ್ಣನೆಯ ಬೆರಳುಗಳು ಇಳಿದವು. ಐದು ಬೆರಳು. ಬಿಗಿದವು. ಉಸಿರಿಲ್ಲ.

ಕಿವಿಯ ಪಕ್ಕ ಪಿಸುದನಿ: "ನನ್ನ ಮಗನ್ನ ಯಾರೂ ಕೇಳ್ಲಿಲ್ಲ. ನಿನ್ನ ಕೇಳ್ತೀನಿ. ಇಬ್ರಲ್ಲಿ ಯಾರು ಉಳೀಬೇಕು?"

"ನಾನು!" ವೈದ್ಯ ಕಿರುಚಿದ. "ನನ್ನ ಬಿಡು ತಾಯಿ! ಅವನ್ನ ತಗೋ!"

ಬೆರಳು ಸಡಿಲಾದವು. ದೀಪ ಹತ್ತಿತು. ವೆಲ್ಡರ್ ಕಣ್ಣು ತೆರೆದೇ ಸತ್ತಿದ್ದ. ಅವನ ತಲೆಯ ಬಳಿ ನರ್ಸು ಮಂಡಿಯೂರಿದ್ದಳು. ಯಾವಾಗ ಬಂದಳೋ? ಎಲ್ಲ ಕೇಳಿಸಿಕೊಂಡಿದ್ದಳು.

ಸತ್ತವನ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿದಳು. "ನನ್ನ ನಾಡಿ ನೋಡಿ, ಬೇಗ ನೋಡಿ!" ಎಂದು ವೈದ್ಯ ಕೈ ಚಾಚಿದ. ಅವಳು ಹಿಡಿದು ನೋಡಿದಳು.

"ಕಲ್ಲಿನ ಹಾಗಿದೆ. ನೂರು ವರ್ಷ ಬಾಳ್ತೀರಿ ಡಾಕ್ಟ್ರೇ," ಎಂದಳು. ಆಮೇಲೆ ನಲ್ಲಿ ತಿರುಗಿಸಿ, ಅವನನ್ನು ಮುಟ್ಟಿದ ಕೈಯನ್ನು ಸೋಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು.